ಅಕ್ಷಿಪಟಲದ ಅಭಿಧಮನಿ ತಡೆ: ಚಿತ್ರಣ ಮತ್ತು ಚಿಕಿತ್ಸೆಯ ನಂತರದ ದೃಷ್ಟಿ

ಅಕ್ಷಿಪಟಲದ ಅಭಿಧಮನಿ ತಡೆ ಎಂಬುದು, ಕಣ್ಣಿನ ಒಳಗೋಡೆಯಲ್ಲಿರುವ ಬೆಳಕುಗ್ರಾಹಿ ಪದರವಾದ ಅಕ್ಷಿಪಟಲದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ನಾಳದಲ್ಲಿ ಹರಿವು ಕಟ್ಟಿಕೊಂಡು, ಹಿಂದೆ ನಿಂತ ರಕ್ತವೂ ದ್ರವವೂ ಪದರದೊಳಗೆ ಸೋರಿ ದೃಷ್ಟಿ ಕುಗ್ಗುವ ಕಾಯಿಲೆ. ಅಕ್ಷಿಪಟಲದ ರಕ್ತನಾಳಗಳಿಗೆ ತಗಲುವ ಕಾಯಿಲೆಗಳಲ್ಲಿ ಸಕ್ಕರೆ ಕಾಯಿಲೆಯ ಅಕ್ಷಿಪಟಲ ರೋಗವನ್ನು ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ. 2015ನ್ನು ಆಧಾರ ವರ್ಷವಾಗಿಟ್ಟುಕೊಂಡ ಒಂದು ಅಂದಾಜಿನಂತೆ, ಜಗತ್ತಿನಲ್ಲಿ 30ರಿಂದ 89 ವರ್ಷದವರ ಪೈಕಿ ಶೇ 0.77ರಷ್ಟು ಮಂದಿಗೆ, ಎಂದರೆ ಸುಮಾರು 2.8 ಕೋಟಿ ಜನರಿಗೆ, ಈ ಕಾಯಿಲೆಯಿತ್ತು.

ಈ ಲೇಖನದಲ್ಲಿ ರಕ್ತ ತರುವ ನಾಳ ಅಪಧಮನಿ. ಮರಳಿ ಒಯ್ಯುವುದು ಅಭಿಧಮನಿ. ಎರಡರ ನಡುವಿನ ಅತಿಸಣ್ಣ ಜಾಲ ಲೋಮನಾಳ. ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬೇಕಾದ ಅಕ್ಷಿಪಟಲದ ನಡುಭಾಗ ಮ್ಯಾಕುಲಾ, ಅದರ ನಟ್ಟನಡುವಿನ ತಗ್ಗು ಫೋವಿಯಾ. ಆಡುಮಾತಿನಲ್ಲಿ ‘ಕಣ್ಣಿನ ನರ ಬ್ಲಾಕ್ ಆಗಿದೆ’ ಎನ್ನುವಾಗ ನರ ಎಂದರೆ ರಕ್ತನಾಳ. ಮಿದುಳಿಗೆ ಸಂದೇಶ ಒಯ್ಯುವ ದೃಷ್ಟಿನರವಲ್ಲ.

ಇತಿಹಾಸ

ಬದುಕಿರುವ ಮನುಷ್ಯನ ಅಕ್ಷಿಪಟಲವನ್ನು ವೈದ್ಯರು ನೋಡಲು ಶಕ್ತರಾದದ್ದು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ಪ್ರಕಟಿಸಿದ ಮೇಲೆ. ನಾಲ್ಕೇ ವರ್ಷಗಳಲ್ಲಿ, 1855ರಲ್ಲಿ, ರಿಚರ್ಡ್ ಲೀಬ್ರೈಕ್ ಅಕ್ಷಿಪಟಲದ ತುಂಬ ರಕ್ತಸ್ರಾವವಾದ ಸ್ಥಿತಿಯನ್ನು ವಿವರಿಸಿದರು. ಶಾಖಾ ಅಭಿಧಮನಿಯ ತಡೆಯನ್ನು ಥಿಯೋಡರ್ ಲೇಬರ್ 1877ರಲ್ಲಿ ಬೇರೆಯಾಗಿ ಗುರುತಿಸಿದರು. ಕೇಂದ್ರ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದೇ ಇಂಥ ರಕ್ತಸ್ರಾವಕ್ಕೆ ಕಾರಣವೆಂದು ಯೂಲಿಯುಸ್ ಫಾನ್ ಮಿಷೆಲ್ 1878ರಲ್ಲಿ ತೋರಿಸಿದರು.

ಚಿತ್ರಣದ ಕಥೆ ಇದಕ್ಕೆ ಹೊಂದಿಕೊಂಡೇ ಸಾಗಿತು. ಅಡಾಲ್ಫ್ ಫಾನ್ ಬಾಯರ್ 1871ರಲ್ಲಿ ತಯಾರಿಸಿದ ಫ್ಲೋರೆಸಿನ್ ಎಂಬ ಬಣ್ಣವನ್ನು ರಕ್ತಕ್ಕೆ ಸೇರಿಸಿ, ಅಕ್ಷಿಪಟಲದ ನಾಳಗಳಲ್ಲಿ ಅದು ಹರಿಯುವುದನ್ನು ಸಾಲುಸಾಲಾಗಿ ಫೋಟೊ ತೆಗೆಯುವ ವಿಧಾನವನ್ನು ಅಮೆರಿಕದ ಇಂಡಿಯಾನಾದಲ್ಲಿ ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್ 1961ರಲ್ಲಿ ಪ್ರಕಟಿಸಿದರು. ಆಗ ಇಬ್ಬರೂ ವೈದ್ಯಕೀಯ ವಿದ್ಯಾರ್ಥಿಗಳು. ಬೆಳಕಿನ ಪ್ರತಿಫಲನದಿಂದ ಪದರಗಳ ಅಡ್ಡಕೊಯ್ತ ತೋರಿಸುವ ಒಸಿಟಿ ತಂತ್ರ 1991ರಲ್ಲಿ ಮಸಾಚುಸೆಟ್ಸ್‌ನಿಂದ ಬಂತು. ಚಿಕಿತ್ಸೆಯ ಫಲವನ್ನು ಅಳೆಯುವ ರೀತಿಯನ್ನೇ ಬದಲಿಸಿದ್ದು ಇದು.

ಕೇಂದ್ರ ಅಭಿಧಮನಿ ತಡೆಯ ಅಧ್ಯಯನದಲ್ಲಿ ದೊಡ್ಡ ಹೆಸರು ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದುಡಿದ ಸೋಹನ್ ಸಿಂಗ್ ಹಯ್ರೆ ಅವರದು. ರಕ್ತ ಪೂರೈಕೆ ಉಳಿದ ಬಗೆ, ಕೆಟ್ಟ ಬಗೆ ಎಂದು ಈ ಕಾಯಿಲೆ ಎರಡಾಗಿ ನಡೆಯುತ್ತದೆಂದು ಅವರು ದಶಕಗಳ ಕಾಲ ಪ್ರತಿಪಾದಿಸಿದರು. ಇವೆರಡನ್ನು ಬೇರೆ ಮಾಡಲು ಚಿತ್ರವೊಂದನ್ನೇ ನೆಚ್ಚಬಾರದು, ಪಾಪೆಯ ಪ್ರತಿಕ್ರಿಯೆ ಮತ್ತು ಅಕ್ಷಿಪಟಲದ ವಿದ್ಯುತ್ ಪರೀಕ್ಷೆಯೂ ಬೇಕು ಎಂಬುದು ಅವರ ವಾದವಾಗಿತ್ತು.

ರಚನೆ ಮತ್ತು ಕಾರಣ

ಅಕ್ಷಿಪಟಲದ ಒಳಪದರಗಳ ರಕ್ತವೆಲ್ಲ ಶಾಖಾ ಅಭಿಧಮನಿಗಳಲ್ಲಿ ಸೇರಿ, ಕೊನೆಗೆ ಒಂದೇ ಕೇಂದ್ರ ಅಭಿಧಮನಿಯಾಗಿ ದೃಷ್ಟಿನರದ ಮೂಲಕ ಹೊರಬೀಳುತ್ತದೆ. ಈ ದಾರಿಯಲ್ಲಿ ಎರಡು ಕಡೆ ಇಕ್ಕಟ್ಟಿದೆ. ಒಂದು, ಅಪಧಮನಿಯೂ ಅಭಿಧಮನಿಯೂ ಒಂದನ್ನೊಂದು ದಾಟುವ ಜಾಗ. ಅಲ್ಲಿ ಎರಡೂ ನಾಳಗಳಿಗೆ ಒಂದೇ ಹೊರಕವಚವಿರುತ್ತದೆ. ರಕ್ತದೊತ್ತಡದಿಂದ ಗಡುಸಾದ ಅಪಧಮನಿ ಪಕ್ಕದ ತೆಳುಗೋಡೆಯ ಅಭಿಧಮನಿಯನ್ನು ಒತ್ತುತ್ತದೆ, ಹರಿವು ಸುಳಿಗೊಂಡು ನಾಳದ ಒಳಗೋಡೆ ಕೆಡುತ್ತದೆ, ಹೆಪ್ಪು ಕೂರುತ್ತದೆ. ಇನ್ನೊಂದು, ದೃಷ್ಟಿನರ ಕಣ್ಣುಗುಡ್ಡೆಯನ್ನು ಬಿಡುವಲ್ಲಿರುವ ಜರಡಿಯಂಥ ಗಟ್ಟಿಪದರ. ಕೇಂದ್ರ ಅಭಿಧಮನಿ ಕಟ್ಟಿಕೊಳ್ಳುವುದು ಹೆಚ್ಚಾಗಿ ಇದರ ಆಸುಪಾಸಿನಲ್ಲಿ.

ಕೆರೆಯ ಕಾಲುವೆ ಕೆಳಗೆ ಕಟ್ಟಿಕೊಂಡರೆ ಮೇಲಿನ ಗದ್ದೆಗಳಿಗೆ ನೀರು ನುಗ್ಗುವಂತೆ, ತಡೆಯ ಹಿಂದಿನ ಲೋಮನಾಳಗಳಲ್ಲಿ ಒತ್ತಡ ಏರಿ ರಕ್ತ ಪದರಗಳೊಳಗೆ ಚಿಮ್ಮುತ್ತದೆ. ಆಮ್ಲಜನಕ ಸಾಲದ ಅಂಗಾಂಶ ವಿಇಜಿಎಫ್ ಎಂಬ ಪ್ರೋಟೀನನ್ನು ಹೆಚ್ಚು ಸ್ರವಿಸುತ್ತದೆ. ನಪೊಲಿಯೊನೆ ಫೆರಾರಾ 1989ರಲ್ಲಿ ಬೇರ್ಪಡಿಸಿದ ಈ ಪ್ರೋಟೀನು ನಾಳಗಳ ಗೋಡೆಯನ್ನು ಇನ್ನಷ್ಟು ಸೋರುವಂತೆ ಮಾಡುತ್ತದೆ, ಹೊಸ ದುರ್ಬಲ ನಾಳಗಳನ್ನೂ ಬೆಳೆಸುತ್ತದೆ. ಸೋರಿದ ದ್ರವ ಮ್ಯಾಕುಲಾದಲ್ಲಿ ನಿಂತರೆ ಮ್ಯಾಕುಲಾ ಊತ. ದೃಷ್ಟಿ ಇಳಿಯಲು ಮುಖ್ಯ ಕಾರಣ ಅದೇ, ಚಿಕಿತ್ಸೆಯ ಮುಖ್ಯ ಗುರಿಯೂ ಅದೇ.

ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೆಚ್ಚಿದ ಕೊಲೆಸ್ಟ್ರಾಲ್, ಗ್ಲಾಕೋಮಾ ಇದರ ಸಾಮಾನ್ಯ ಹಿನ್ನೆಲೆ. ಶಾಖಾ ತಡೆಗೆ ರಕ್ತದೊತ್ತಡದ ನಂಟು ಬಲವಾದದ್ದು; ಕೇಂದ್ರ ತಡೆಯಲ್ಲಿ ಗ್ಲಾಕೋಮಾದ ಪಾಲೂ ಇದೆ. 45 ದಾಟದವರಲ್ಲಿ ಕಂಡಾಗ ರಕ್ತ ಹೆಪ್ಪುಗಟ್ಟುವ ದೋಷ, ನಾಳಗಳ ಉರಿಯೂತ, ರಕ್ತದಲ್ಲಿ ಹೋಮೋಸಿಸ್ಟೀನ್ ಏರಿಕೆ ಇವುಗಳನ್ನು ಹುಡುಕಬೇಕಾಗುತ್ತದೆ. ಬಿ12 ಕೊರತೆ ಹೋಮೋಸಿಸ್ಟೀನನ್ನು ಏರಿಸುವುದರಿಂದ ಸಸ್ಯಾಹಾರಿ ಮನೆಗಳ ರೋಗಿಗಳಲ್ಲಿ ಆ ಪರೀಕ್ಷೆಗೆ ಹೆಚ್ಚಿನ ಅರ್ಥವಿದೆ.

ಪ್ರಕಾರಗಳು

ತಡೆ ಎಲ್ಲಿದೆ ಎಂಬುದರ ಮೇಲೆ ಕಾಯಿಲೆಯನ್ನು ಶಾಖಾ ತಡೆ, ಅರ್ಧಭಾಗದ ತಡೆ, ಕೇಂದ್ರ ತಡೆ ಎಂದು ವಿಂಗಡಿಸುತ್ತಾರೆ. ಶಾಖಾ ತಡೆ ಕೇಂದ್ರ ತಡೆಗಿಂತ ಹಲವು ಪಟ್ಟು ಹೆಚ್ಚು. ಅದರಲ್ಲೂ ಅಕ್ಷಿಪಟಲದ ಮೇಲಿನ, ಕಿವಿಯ ಕಡೆಯ ಕಾಲುಭಾಗದಲ್ಲಿ ಹೆಚ್ಚು, ಏಕೆಂದರೆ ನಾಳಗಳು ಒಂದನ್ನೊಂದು ದಾಟುವುದು ಅಲ್ಲೇ ಜಾಸ್ತಿ. ಅರ್ಧಭಾಗದ ತಡೆಯಲ್ಲಿ ಮೇಲಿನ ಅಥವಾ ಕೆಳಗಿನ ಅರ್ಧ ಮಾತ್ರ ಕೆಡುತ್ತದೆ.

ರಕ್ತ ಪೂರೈಕೆಯ ಮೇಲಿನ ವಿಂಗಡಣೆ ಇದಕ್ಕಿಂತ ಮುಖ್ಯ. ಲೋಮನಾಳಗಳು ಬಹುಪಾಲು ಉಳಿದಿದ್ದರೆ ರಕ್ತಕೊರತೆ ಇಲ್ಲದ ಬಗೆ. ದೊಡ್ಡ ಪ್ರಮಾಣದಲ್ಲಿ ಮುಚ್ಚಿದ್ದರೆ ರಕ್ತಕೊರತೆಯ ಬಗೆ. ಅಮೆರಿಕದ ಕೇಂದ್ರ ಅಭಿಧಮನಿ ತಡೆ ಅಧ್ಯಯನ ಇದಕ್ಕೆ ದೃಷ್ಟಿನರದ ತಟ್ಟೆಯ ಹತ್ತು ಪಟ್ಟು ವಿಸ್ತಾರದ ಗಡಿಯನ್ನು ಇಟ್ಟುಕೊಂಡಿತ್ತು. ಒಮ್ಮೆ ಒಳ್ಳೆಯ ಬಗೆ ಎಂದು ಬರೆದಿಟ್ಟರೆ ಅದು ಹಾಗೇ ಉಳಿಯುವುದಿಲ್ಲ. ಅದೇ ಅಧ್ಯಯನದಲ್ಲಿ ಮೊದಲು ರಕ್ತ ಪೂರೈಕೆ ಚೆನ್ನಾಗಿದ್ದ ಕಣ್ಣುಗಳಲ್ಲಿ ಶೇ 34ರಷ್ಟು ಮೂರು ವರ್ಷದೊಳಗೆ ಕೆಟ್ಟ ಬಗೆಗೆ ತಿರುಗಿದವು.

ಲಕ್ಷಣಗಳು

ನೋವಿಲ್ಲದೆ ಒಂದು ಕಣ್ಣಿನ ದೃಷ್ಟಿ ಮಬ್ಬಾಗುವುದು, ಅಕ್ಷರ ಕಲಸಿದಂತೆ ಕಾಣುವುದು, ನೋಟದ ಒಂದು ಪಾಲು ಕಪ್ಪಾಗುವುದು ಸಾಮಾನ್ಯ ಲಕ್ಷಣಗಳು. ಬಹಳ ಮಂದಿ ಬೆಳಿಗ್ಗೆ ಏಳುವಾಗ ಇದನ್ನು ಗಮನಿಸುತ್ತಾರೆ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ದಿನದ ಕೆಲಸ ನಿಲ್ಲುವುದೂ ಇಲ್ಲ. ಕೈಯಿಂದ ಒಂದು ಕಣ್ಣು ಮುಚ್ಚಿಕೊಂಡಾಗಲಷ್ಟೇ ತಿಳಿಯುವ ಕಾಯಿಲೆ ಇದು. ವಯಸ್ಸಾದವರಲ್ಲಿ ‘ಪೊರೆ ಬಂದಿರಬೇಕು, ಬಲಿಯಲಿ’ ಎಂದು ಕಾಯುವುದು ಇದೇ ಕಾರಣಕ್ಕೆ. ಹಾಗೆ ಕಾದ ತಿಂಗಳುಗಳ ಬೆಲೆ ಎಷ್ಟೆಂಬುದು ಮುಂದಿನ ಅಂಕಿಗಳಲ್ಲಿ ಕಾಣುತ್ತದೆ.

ಚಿತ್ರಣ ವಿಧಾನಗಳು

ಬಣ್ಣದ ಫೋಟೊ ಮೊದಲ ಹೆಜ್ಜೆ. ಸಾಮಾನ್ಯ ಕ್ಯಾಮೆರಾ ಅಕ್ಷಿಪಟಲದ 30ರಿಂದ 50 ಡಿಗ್ರಿಯಷ್ಟು ಭಾಗವನ್ನು ಸೆರೆಹಿಡಿಯುತ್ತದೆ. ಕೇಂದ್ರ ತಡೆಯಲ್ಲಿ ನಾಲ್ಕೂ ದಿಕ್ಕಿಗೆ ಜ್ವಾಲೆಯಂಥ ಕೆಂಪು ಗೆರೆಗಳು, ಉಬ್ಬಿ ಡೊಂಕಾದ ಅಭಿಧಮನಿಗಳು, ಅಂಚು ಮಸುಕಾದ ದೃಷ್ಟಿನರದ ತಟ್ಟೆ ಕಾಣುತ್ತವೆ. ಶಾಖಾ ತಡೆಯಲ್ಲಿ ಇದೇ ನೋಟ ಒಂದು ಮುಕ್ಕೋನದಲ್ಲಿ ಮಾತ್ರ; ಆ ಮುಕ್ಕೋನದ ಮೊನೆ ನಾಳಗಳು ದಾಟುವ ಜಾಗವನ್ನೇ ತೋರಿಸುತ್ತದೆ. ಅಲ್ಲಲ್ಲಿ ಹತ್ತಿಯ ಎಳೆಯಂಥ ಬಿಳಿ ಮಚ್ಚೆಗಳಿದ್ದರೆ ರಕ್ತ ಸಾಲದ ಸೂಚನೆ. 200 ಡಿಗ್ರಿಯವರೆಗೆ ಒಂದೇ ಚಿತ್ರದಲ್ಲಿ ತೋರಿಸುವ ಅಗಲ ನೋಟದ ಯಂತ್ರಗಳು ಬಂದ ಮೇಲೆ, ಹಳೆಯ ಚಿತ್ರದ ಹೊರಗೆ ಉಳಿಯುತ್ತಿದ್ದ ಅಂಚಿನ ಹಾನಿಯೂ ಲೆಕ್ಕಕ್ಕೆ ಬಂತು.

ಫ್ಲೋರೆಸಿನ್ ಚಿತ್ರಣವನ್ನು ಆಸ್ಪತ್ರೆಗಳಲ್ಲಿ ಎಫ್‌ಎಫ್‌ಎ ಎನ್ನುತ್ತಾರೆ. ಮುಂಗೈ ನಾಳಕ್ಕೆ ಹಳದಿ ಬಣ್ಣವನ್ನು ಚುಚ್ಚಿದ ಹತ್ತು ಹದಿನೈದು ಸೆಕೆಂಡಿನಲ್ಲಿ ಅದು ಕಣ್ಣನ್ನು ತಲಪುತ್ತದೆ. ನೀಲಿ ಬೆಳಕು ಬಿದ್ದಾಗ ಬಣ್ಣ ಹಸಿರಾಗಿ ಹೊಳೆಯುತ್ತದೆ. ನಾಳಗಳು ಬೆಳ್ಳಗೆ, ಉಳಿದದ್ದು ಕಪ್ಪಗೆ ಮೂಡುತ್ತದೆ. ತಡೆಯಿರುವ ಅಭಿಧಮನಿ ತಡವಾಗಿ ತುಂಬುತ್ತದೆ, ಸೋರುವ ನಾಳದ ಸುತ್ತ ಬಿಳುಪು ಹರಡುತ್ತದೆ, ಲೋಮನಾಳ ಸತ್ತ ಕಡೆ ಕಪ್ಪು ಬಯಲು ಉಳಿಯುತ್ತದೆ. ಪರೀಕ್ಷೆಯ ನಂತರ ಒಂದೆರಡು ದಿನ ಮೈ ಹಳದಿಯಾಗಿ, ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ಸಹಜ, ಕಾಮಾಲೆಯೆಂದು ಹೆದರಬೇಕಿಲ್ಲ. ಕೆಲವರಿಗೆ ವಾಕರಿಕೆ ಬರುತ್ತದೆ. ತೀವ್ರ ಅಲರ್ಜಿ ಅಪರೂಪ, ಆದರೂ ಅದಕ್ಕೆ ಬೇಕಾದ ಸಿದ್ಧತೆ ಇಲ್ಲದ ಕಡೆ ಈ ಪರೀಕ್ಷೆ ಮಾಡುವಂತಿಲ್ಲ. ರಕ್ತಸ್ರಾವ ದಟ್ಟವಾಗಿದ್ದರೆ ಅದರ ಅಡಿಯಲ್ಲಿ ಏನಿದೆ ಎಂದು ಎಫ್‌ಎಫ್‌ಎ ತೋರಿಸಲಾರದು.

ಇಂದಿನ ಚಿಕಿತ್ಸೆಯ ಆಧಾರ ಒಸಿಟಿ. ರೋಗಿ ಗದ್ದವನ್ನು ಆಸರೆಯ ಮೇಲಿಟ್ಟು ಒಳಗಿನ ಗುರುತನ್ನು ನೋಡುತ್ತಾ ಕೂರಬೇಕು. ಚುಚ್ಚುವುದೂ ಮುಟ್ಟುವುದೂ ಇಲ್ಲ. ಕಣ್ಣಿಗೆ ಹೆಚ್ಚುಕಡಿಮೆ ಕಾಣದ, ಸುಮಾರು 840 ನ್ಯಾನೋಮೀಟರ್ ತರಂಗದ ಬೆಳಕು ಅಕ್ಷಿಪಟಲದ ಪದರಗಳಿಂದ ಪ್ರತಿಫಲಿಸಿದ್ದನ್ನು ಯಂತ್ರ ಲೆಕ್ಕಹಾಕಿ ಅಡ್ಡಕೊಯ್ತದ ಚಿತ್ರ ಕಟ್ಟುತ್ತದೆ. ಈಗಿನ ಯಂತ್ರಗಳು ಐದಾರು ಮೈಕ್ರಾನಿನಷ್ಟು ಸೂಕ್ಷ್ಮವಾಗಿ ಪದರಗಳನ್ನು ಬೇರ್ಪಡಿಸುತ್ತವೆ.

ಶಾಖಾ ತಡೆಯ ಒಂದು ಒಸಿಟಿ ಚಿತ್ರವನ್ನು ಹತ್ತಿರದಿಂದ ನೋಡಿದರೆ ಕಾಯಿಲೆಯ ಸ್ವಭಾವ ತಿಳಿಯುತ್ತದೆ. ಆರೋಗ್ಯವಂತ ಕಣ್ಣಿನಲ್ಲಿ ಫೋವಿಯಾ ಮೆಲ್ಲಗೆ ತಗ್ಗಾದ ಬಟ್ಟಲು. ಅದರ ಸುತ್ತ ಬೂದು, ಬಿಳಿ ಪಟ್ಟಿಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿರುತ್ತವೆ. ನಡುಭಾಗದ ದಪ್ಪ ಸುಮಾರು 250 ಮೈಕ್ರಾನ್ ಆಸುಪಾಸು. ತಡೆಯಾದ ಕಣ್ಣಿನಲ್ಲಿ ಆ ತಗ್ಗೇ ದಿಬ್ಬವಾಗಿರುತ್ತದೆ. ದಿಬ್ಬದೊಳಗೆ ದುಂಡು ದುಂಡಾದ ಕಪ್ಪು ಕೋಶಗಳು ದ್ರವದಿಂದ ತುಂಬಿರುತ್ತವೆ. ತಳದಲ್ಲಿ ಅಕ್ಷಿಪಟಲವೇ ಎದ್ದು ಒಂದು ಕಪ್ಪು ಕಮಾನು ಕಾಣಬಹುದು. ಮೇಲಿಂದ ಕೆಳಕ್ಕೆ ತೆಗೆದ ಕೊಯ್ತದಲ್ಲಿ ಒಂದು ಅರ್ಧ ಹೀಗೆ ಉಬ್ಬಿದ್ದರೆ ಇನ್ನೊಂದು ಅರ್ಧ ಏನೂ ಆಗದಂತೆ ಸಮವಾಗಿರುತ್ತದೆ. ಪಕ್ಕದಲ್ಲಿ ಮುದ್ರಿತವಾಗುವ ದಪ್ಪದ ನಕ್ಷೆಯಲ್ಲಿ ಊದಿದ ಭಾಗ ಕೆಂಪು, ಬಿಳಿ. ಉಳಿದದ್ದು ಹಸಿರು, ನೀಲಿ. ವೈದ್ಯರು ರೋಗಿಯ ಮನೆಯವರಿಗೆ ತೋರಿಸುವುದು ಹೆಚ್ಚಾಗಿ ಈ ನಕ್ಷೆಯನ್ನೇ.

ಆದರೆ ದೃಷ್ಟಿ ಎಷ್ಟು ಮರಳೀತು ಎಂಬುದನ್ನು ಹೇಳುವುದು ಆ ಬಣ್ಣದ ನಕ್ಷೆಯಲ್ಲ, ಅಡ್ಡಕೊಯ್ತದ ತಳಭಾಗದಲ್ಲಿರುವ ಒಂದು ತೆಳುವಾದ ಬಿಳಿಗೆರೆ. ಇದಕ್ಕೆ ಎಲಿಪ್ಸಾಯ್ಡ್ ವಲಯ ಎಂದು ಹೆಸರು. ಬೆಳಕುಗ್ರಾಹಿ ಕೋಶಗಳ ಶಕ್ತಿಕಣಗಳು ದಟ್ಟವಾಗಿರುವ ಮಟ್ಟ ಇದು. ಅದು ಅಖಂಡವಾಗಿದ್ದರೆ ಊತ ಇಳಿದ ಮೇಲೆ ದೃಷ್ಟಿ ಏರುವ ಭರವಸೆ ಹೆಚ್ಚು. ಫೋವಿಯಾದ ಅಡಿಯಲ್ಲಿ ತುಂಡಾಗಿದ್ದರೆ ಕಡಿಮೆ. ಒಳಪದರಗಳ ಗಡಿಗಳು ಒಂದಕ್ಕೊಂದು ಕಲಸಿ ಬೇರ್ಪಡಿಸಲಾಗದಂತಾಗಿದ್ದರೆ ಅದೂ ಕೆಟ್ಟ ಸೂಚನೆಯೇ. ಬೆಳಕುಗ್ರಾಹಿ ಕೋಶಗಳಿಂದ ದೃಷ್ಟಿನರಕ್ಕೆ ಸಂದೇಶ ಸಾಗುವ ದಾರಿ ಅಲ್ಲಿ ಹರಿದಿರುತ್ತದೆ.

ಬಣ್ಣ ಚುಚ್ಚದೆಯೇ ರಕ್ತದ ಚಲನೆಯಿಂದ ನಾಳಗಳ ನಕ್ಷೆ ತೆಗೆಯುವ ಒಸಿಟಿ ಆಂಜಿಯೋಗ್ರಫಿ ಕಳೆದ ದಶಕದಲ್ಲಿ ಬಳಕೆಗೆ ಬಂತು. ಲೋಮನಾಳಗಳ ಮೇಲಿನ ಜಾಲವನ್ನೂ ಆಳದ ಜಾಲವನ್ನೂ ಅದು ಬೇರೆಬೇರೆಯಾಗಿ ತೋರಿಸುತ್ತದೆ. ಈ ಕಾಯಿಲೆಯಲ್ಲಿ ಆಳದ ಜಾಲಕ್ಕೆ ಪೆಟ್ಟು ಹೆಚ್ಚು. ಸೋರಿಕೆಯನ್ನು ಇದು ತೋರಿಸದು, ಕಣ್ಣು ಅಲುಗಿದರೆ ಚಿತ್ರ ಕೆಡುತ್ತದೆ. ಹೀಗಾಗಿ ಎಫ್‌ಎಫ್‌ಎಯ ಸ್ಥಾನವನ್ನು ಪೂರ್ತಿ ತುಂಬಿಲ್ಲ.

ಚಿಕಿತ್ಸೆ

ಹೆಪ್ಪನ್ನು ಕರಗಿಸಿ ನಾಳ ತೆರೆಯುವ ನೆಚ್ಚುಗೆಯ ಚಿಕಿತ್ಸೆ ಇಲ್ಲ. ಈಗ ಮಾಡುವುದೆಲ್ಲ ತಡೆಯ ಪರಿಣಾಮಗಳಿಗೆ ಚಿಕಿತ್ಸೆ.

ಮೊದಲು ಬಂದದ್ದು ಲೇಸರ್. ಶಾಖಾ ತಡೆ ಅಧ್ಯಯನ 1984ರಲ್ಲಿ ಪ್ರಕಟಿಸಿದಂತೆ, ಮ್ಯಾಕುಲಾಕ್ಕೆ ಜಾಲರಿ ಲೇಸರ್ ಪಡೆದ ಕಣ್ಣುಗಳಲ್ಲಿ ಶೇ 65ರಷ್ಟು ಮೂರು ವರ್ಷದಲ್ಲಿ ಎರಡು ಸಾಲು ಅಥವಾ ಹೆಚ್ಚು ಚೇತರಿಸಿಕೊಂಡವು. ಲೇಸರ್ ಇಲ್ಲದವುಗಳಲ್ಲಿ ಶೇ 37. ಕೇಂದ್ರ ತಡೆಯಲ್ಲಿ ಮಾತ್ರ ಇದೇ ಲೇಸರ್ ಊತವನ್ನು ತಗ್ಗಿಸಿದರೂ ದೃಷ್ಟಿಯನ್ನು ಏರಿಸಲಿಲ್ಲ. ಚಿತ್ರ ಸುಧಾರಿಸುವುದೂ ದೃಷ್ಟಿ ಸುಧಾರಿಸುವುದೂ ಒಂದೇ ಅಲ್ಲವೆಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಉದಾಹರಣೆ ಈ ಕ್ಷೇತ್ರದಲ್ಲಿ ಕಡಿಮೆ. ಹೊಸ ನಾಳಗಳು ಬೆಳೆದಾಗ ಅಕ್ಷಿಪಟಲದ ಹೊರಭಾಗಕ್ಕೆ ಕೊಡುವ ಲೇಸರ್ ಇಂದಿಗೂ ಅಗತ್ಯ.

ಸ್ಟೀರಾಯ್ಡ್ ಎರಡನೆಯದು. 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಇರುವ ಕರಗುವ ಕಡ್ಡಿಯನ್ನು ಕಣ್ಣೊಳಗೆ ಇಡುವ ಚಿಕಿತ್ಸೆಗೆ ಅಮೆರಿಕದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಜಿನೀವಾ ಅಧ್ಯಯನದಲ್ಲಿ ಅದರ ಪರಿಣಾಮ ಎರಡನೆಯ ತಿಂಗಳ ಹೊತ್ತಿಗೆ ತುದಿ ಮುಟ್ಟಿ, ಆರನೆಯ ತಿಂಗಳಿಗೆ ತಗ್ಗಿತು. ಕಣ್ಣಿನ ಒತ್ತಡ ಏರುವುದು, ಪೊರೆ ಬೇಗ ಬರುವುದು ಇದರ ತೊಂದರೆಗಳು.

ಮೂರನೆಯದಾದ ವಿಇಜಿಎಫ್ ತಡೆಯುವ ಚುಚ್ಚುಮದ್ದೇ ಈಗ ಮೊದಲ ಆಯ್ಕೆ. ರಾನಿಬಿಜುಮಾಬ್ 0.5 ಮಿಲಿಗ್ರಾಂ, ಅಫ್ಲಿಬರ್ಸೆಪ್ಟ್ 2 ಮಿಲಿಗ್ರಾಂ, ಬೆವಾಸಿಜುಮಾಬ್ 1.25 ಮಿಲಿಗ್ರಾಂ ರೂಢಿಯ ಪ್ರಮಾಣಗಳು. ಮರಗಟ್ಟಿಸುವ ಹನಿ ಹಾಕಿ, ಪೊವಿಡೋನ್ ಅಯೋಡಿನ್‌ನಿಂದ ಕಣ್ಣನ್ನು ಶುದ್ಧಗೊಳಿಸಿ, ಕರಿಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ಆಚೆ, ಬಿಳಿಗುಡ್ಡೆಯ ಮೂಲಕ ಸಣ್ಣ ಸೂಜಿಯಿಂದ 0.05 ಮಿಲಿಲೀಟರ್ ಔಷಧವನ್ನು ಒಳಬಿಡುತ್ತಾರೆ. ಚುಚ್ಚುವ ಕೆಲಸ ಕೆಲವೇ ಸೆಕೆಂಡಿನದು. ಕಣ್ಣೊಳಗೆ ಸೋಂಕಾಗುವುದು ಬಲು ಅಪರೂಪ. ಆದರೂ ಚುಚ್ಚಿದ ಮುಂದಿನ ದಿನಗಳಲ್ಲಿ ನೋವು, ಕೆಂಪು, ದೃಷ್ಟಿ ಇಳಿಕೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೊದಲು ತಿಂಗಳಿಗೊಂದರಂತೆ ಕೊಟ್ಟು, ಒಸಿಟಿ ಮತ್ತು ದೃಷ್ಟಿ ನೋಡಿಕೊಂಡು ಅಂತರವನ್ನು ಹಿಗ್ಗಿಸುವುದು ವಾಡಿಕೆ.

ಇದರ ಜೊತೆಗೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಹತೋಟಿಗೆ ಬರಬೇಕು. ಕಣ್ಣಿನಲ್ಲಿ ಕಂಡ ತಡೆ ಹೃದಯ, ಮಿದುಳಿನ ನಾಳಗಳ ಸ್ಥಿತಿಯ ಕುರಿತೂ ಎಚ್ಚರಿಕೆ ಕೊಡುತ್ತದೆ. ಇನ್ನೊಂದು ಕಣ್ಣಿಗೂ ಬರುವ ಸಾಧ್ಯತೆ ಇರುತ್ತದೆ.

ಚಿಕಿತ್ಸೆಯ ನಂತರದ ದೃಷ್ಟಿ

ಫಲವನ್ನು ಅಳೆಯುವುದು ಅಕ್ಷರಗಳಲ್ಲಿ. ಅಧ್ಯಯನಗಳಲ್ಲಿ ಬಳಸುವ ಇಟಿಡಿಆರ್‌ಎಸ್ ಫಲಕದಲ್ಲಿ ಸಾಲಿಗೆ ಐದು ಅಕ್ಷರ. ಮೂರು ಸಾಲು, ಎಂದರೆ 15 ಅಕ್ಷರ ಏರಿದರೆ ಮೊದಲು ಓದುತ್ತಿದ್ದುದರ ಅರ್ಧ ಗಾತ್ರದ ಅಕ್ಷರ ಕಾಣುತ್ತದೆ ಎಂದರ್ಥ. ನಮ್ಮ ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವುದು ಆರು ಮೀಟರ್ ದೂರದ ಸ್ನೆಲೆನ್ ಫಲಕ. ಕನ್ನಡ ಅಕ್ಷರಗಳ ಫಲಕವೂ ಇದೆ. ಓದು ಬಾರದವರು ‘ಇ’ ಆಕಾರದ ಗುರುತಿನ ಕಡ್ಡಿಗಳು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸುತ್ತಾರೆ. 6/60 ಎಂದರೆ ಇತರರಿಗೆ 60 ಮೀಟರಿನಿಂದ ಕಾಣುವ ಗುರುತು ಈ ಕಣ್ಣಿಗೆ ಆರು ಮೀಟರಿನಿಂದ ಕಾಣುತ್ತದೆ ಎಂದು.

ಚಿಕಿತ್ಸೆಯಿಲ್ಲದ ಕೇಂದ್ರ ತಡೆಯ ಹಾದಿಯನ್ನು ಮೇಲೆ ಹೇಳಿದ ಅಮೆರಿಕದ ಅಧ್ಯಯನ 1990ರ ದಶಕದಲ್ಲಿ ದಾಖಲಿಸಿತು. ಆರಂಭದಲ್ಲಿ 6/12 ಅಥವಾ ಉತ್ತಮ ದೃಷ್ಟಿಯಿದ್ದವರಲ್ಲಿ ಶೇ 65 ಮಂದಿ ಅದನ್ನು ಉಳಿಸಿಕೊಂಡರು. 6/60ಕ್ಕಿಂತ ಕೆಳಗಿದ್ದವರಲ್ಲಿ ಶೇ 80 ಮಂದಿ ಅಲ್ಲೇ ಉಳಿದರು. ಮೊದಲ ದಿನದ ದೃಷ್ಟಿಯೇ ಮುಂದಿನದನ್ನು ಹೇಳುವ ಬಲವಾದ ಸೂಚಕ ಎಂಬುದು ಇಂದಿಗೂ ನಿಜ.

ಚುಚ್ಚುಮದ್ದು ಈ ಚಿತ್ರವನ್ನು ಬದಲಿಸಿತು. 2010ರಲ್ಲಿ ಬಂದ ಬ್ರೇವೋ ಅಧ್ಯಯನದಲ್ಲಿ ಶಾಖಾ ತಡೆಗೆ ರಾನಿಬಿಜುಮಾಬ್ ಪಡೆದವರು ಆರು ತಿಂಗಳಲ್ಲಿ ಸರಾಸರಿ 18.3 ಅಕ್ಷರ ಗಳಿಸಿದರು. ಔಷಧವಿಲ್ಲದ ಹೋಲಿಕೆ ಗುಂಪು 7.3. ಕೇಂದ್ರ ತಡೆಯ ಕ್ರೂಸ್ ಅಧ್ಯಯನದಲ್ಲಿ ಇವು 14.9 ಮತ್ತು 0.8. ಕ್ರೂಸ್ ಸೇರಿದ ಕಣ್ಣುಗಳ ಮ್ಯಾಕುಲಾ ಆರಂಭದಲ್ಲಿ ಸರಾಸರಿ 680 ಮೈಕ್ರಾನಿಗೂ ಹೆಚ್ಚು ದಪ್ಪವಿತ್ತು. ಚಿಕಿತ್ಸೆಯ ಗುಂಪಿನಲ್ಲಿ ಆರು ತಿಂಗಳಿಗೆ ಸುಮಾರು 450 ಮೈಕ್ರಾನ್ ಇಳಿಯಿತು. ಅಫ್ಲಿಬರ್ಸೆಪ್ಟಿನ ಕೋಪರ್ನಿಕಸ್ ಅಧ್ಯಯನದಲ್ಲಿ 24 ವಾರಕ್ಕೆ 15 ಅಕ್ಷರ ಅಥವಾ ಹೆಚ್ಚು ಗಳಿಸಿದವರು ಶೇ 56.1, ಹೋಲಿಕೆ ಗುಂಪಿನಲ್ಲಿ ಶೇ 12.3.

ಇವೇ ಅಧ್ಯಯನಗಳು ತಡವಾದರೆ ಏನಾಗುತ್ತದೆಂಬುದನ್ನೂ ತೋರಿಸಿದವು. ಹೋಲಿಕೆ ಗುಂಪಿನವರಿಗೂ ಆರು ತಿಂಗಳ ನಂತರ ನಿಜವಾದ ಔಷಧ ಕೊಡಲಾಯಿತು. ಊತ ಅವರಲ್ಲೂ ಚೆನ್ನಾಗಿಯೇ ಇಳಿಯಿತು. ಆದರೆ ವರ್ಷದ ಕೊನೆಗೆ ಕ್ರೂಸ್‌ನಲ್ಲಿ ಮೊದಲಿನಿಂದ ಔಷಧ ಪಡೆದವರ ಗಳಿಕೆ 13.9 ಅಕ್ಷರವಾದರೆ, ತಡವಾಗಿ ಪಡೆದವರದು 7.3, ಬ್ರೇವೋದಲ್ಲಿ 18.3 ಮತ್ತು 12.1. ಕೋಪರ್ನಿಕಸ್‌ನಲ್ಲಿ ವರ್ಷಕ್ಕೆ 16.2 ಮತ್ತು 3.8. ಊದಿಕೊಂಡೇ ಇದ್ದ ಆರು ತಿಂಗಳಲ್ಲಿ ಕೆಟ್ಟದ್ದು ಔಷಧದಿಂದ ಪೂರ್ತಿ ಮರಳಲಿಲ್ಲ. ಒಸಿಟಿಯಲ್ಲಿ ತಗ್ಗು ಮತ್ತೆ ಬಟ್ಟಲಾಗಿ ಕಂಡರೂ ಅದರ ಅಡಿಯ ಬಿಳಿಗೆರೆ ಹರಿದಿರುವ ಕಣ್ಣುಗಳು ಇಂಥವೇ. ಮ್ಯಾಕುಲಾ ಒಣಗಿದೆ ಎಂಬ ವರದಿಯನ್ನು ಕೈಯಲ್ಲಿ ಹಿಡಿದ ರೋಗಿ ‘ಆದರೂ ಯಾಕೆ ಕಾಣುತ್ತಿಲ್ಲ’ ಎಂದು ಕೇಳುವುದಕ್ಕೆ ಉತ್ತರ ಇಲ್ಲಿದೆ. ಮ್ಯಾಕುಲಾದ ಲೋಮನಾಳಗಳೇ ಸತ್ತಿದ್ದರೂ ಇದೇ ಗತಿ.

ಎರಡನೆಯ ವರ್ಷದ ಪಾಠ ಬೇರೆ. ಹೊರೈಜನ್ ಎಂಬ ಮುಂದುವರಿಕೆ ಅಧ್ಯಯನದಲ್ಲಿ ತಿಂಗಳ ಭೇಟಿಯನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಎಂದು ಸಡಿಲಿಸಿದಾಗ ಶಾಖಾ ತಡೆಯವರ ದೃಷ್ಟಿ ಬಹುಮಟ್ಟಿಗೆ ನಿಂತಿತು. ಕೇಂದ್ರ ತಡೆಯವರು ಗಳಿಸಿದ್ದರಲ್ಲಿ ಸರಾಸರಿ ನಾಲ್ಕೈದು ಅಕ್ಷರ ಕಳೆದುಕೊಂಡರು. ನಾಲ್ಕು ವರ್ಷದಷ್ಟು ಅನುಸರಿಸಿದ ರಿಟೇನ್ ಅಧ್ಯಯನದಲ್ಲಿ ಶಾಖಾ ತಡೆಯ ಅರ್ಧದಷ್ಟು, ಕೇಂದ್ರ ತಡೆಯ ಶೇ 44ರಷ್ಟು ಕಣ್ಣುಗಳಲ್ಲಿ ಮಾತ್ರ ಊತ ಮತ್ತೆ ಚುಚ್ಚುಮದ್ದು ಬೇಡದಂತೆ ವಾಸಿಯಾಗಿತ್ತು. ಉಳಿದವರಿಗೆ ಇದು ವರ್ಷಗಳ ಕಾಯಿಲೆ.

ಔಷಧಗಳ ನಡುವಿನ ಅಂತರದ ಪ್ರಶ್ನೆಗೆ ಎರಡು ಅಧ್ಯಯನಗಳಿವೆ. 2017ರ ಸ್ಕೋರ್ 2ರಲ್ಲಿ ಆರು ತಿಂಗಳಿಗೆ ಬೆವಾಸಿಜುಮಾಬ್ 18.6, ಅಫ್ಲಿಬರ್ಸೆಪ್ಟ್ 18.9 ಅಕ್ಷರ ತಂದುಕೊಟ್ಟವು. ಅಗ್ಗದ ಔಷಧ ಹಿಂದೆ ಬೀಳಲಿಲ್ಲ. ಬ್ರಿಟನ್ನಿನ ಲೀವೋ ಅಧ್ಯಯನದಲ್ಲಿ 100 ವಾರಕ್ಕೆ ಅಫ್ಲಿಬರ್ಸೆಪ್ಟ್ 15.1, ರಾನಿಬಿಜುಮಾಬ್ 12.5, ಬೆವಾಸಿಜುಮಾಬ್ 9.8. ಅಲ್ಲಿ ಬೆವಾಸಿಜುಮಾಬ್ ಉಳಿದೆರಡಕ್ಕೆ ಸಮವೆಂದು ಸಾಧಿತವಾಗಲಿಲ್ಲ.

ದೃಷ್ಟಿಯನ್ನು ಪೂರ್ತಿ ಕಸಿಯುವ ತೊಡಕು ಹೊಸ ನಾಳಗಳದು. ಕೇಂದ್ರ ತಡೆಯ ರಕ್ತಕೊರತೆಯ ಬಗೆಯಲ್ಲಿ ಪಾಪೆಯ ಸುತ್ತಲಿನ ಕಂದುಪೊರೆಯ ಮೇಲೆ ನಾಳಗಳು ಬೆಳೆದು, ದ್ರವ ಹೊರಹೋಗುವ ಕೋನವನ್ನು ಮುಚ್ಚಿ, ನೋವಿನ ಗ್ಲಾಕೋಮಾ ಬರುತ್ತದೆ. ಮೊದಲ ಮೂರು ತಿಂಗಳ ಸುತ್ತ ಇದು ಹೆಚ್ಚು ಕಾಣುವುದರಿಂದ ನೂರು ದಿನದ ಗ್ಲಾಕೋಮಾ ಎಂದೂ ಹೆಸರಿದೆ. ಚುಚ್ಚುಮದ್ದು ಇದನ್ನು ಮುಂದೂಡಬಹುದು. ನಿಲ್ಲಿಸಿದ ಮೇಲೆ ಬರಬಹುದು.

ಕರ್ನಾಟಕದಲ್ಲಿ

ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯ ಮೂಲ 1896ರದು. ಈಗಿನ ಕಟ್ಟಡ 1913ರಲ್ಲಿ ತೆರೆಯಿತು. ಹುಬ್ಬಳ್ಳಿಯ ಎಂ.ಎಂ. ಜೋಶಿ ನೇತ್ರ ಸಂಸ್ಥೆ 1967ರಲ್ಲಿ, ಡಾ. ಕೆ. ಭುಜಂಗ ಶೆಟ್ಟಿ ಅವರ ನಾರಾಯಣ ನೇತ್ರಾಲಯ 1982ರಲ್ಲಿ ಆರಂಭವಾದವು. ಹಳ್ಳಿಗಳಲ್ಲಿ ಕಣ್ಣಿನ ಚಿಕಿತ್ಸೆ ಎಂದರೆ ಶಿಬಿರ ಎಂಬ ರೂಢಿಯನ್ನು ಬೆಳೆಸಿದವರು ಡಾ. ಎಂ.ಸಿ. ಮೋದಿ. ಪೊರೆಗೆ ಆ ಪದ್ಧತಿ ಸರಿಹೊಂದಿತು: ಒಮ್ಮೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ದೃಷ್ಟಿ ಬರುತ್ತದೆ. ಅಭಿಧಮನಿ ತಡೆ ಅದಕ್ಕೆ ತದ್ವಿರುದ್ಧ. ಶಿಬಿರದಲ್ಲಿ ಪತ್ತೆಯಾಗಬಲ್ಲದು, ಶಿಬಿರದಲ್ಲಿ ಮುಗಿಯಲಾರದು.

ಪತ್ತೆಯ ಸಾಧನಗಳಲ್ಲಿ ಬೆಂಗಳೂರಿನ ಕೊಡುಗೆ ದೊಡ್ಡದು. ಫೋರಸ್ ಹೆಲ್ತ್ ಸಂಸ್ಥೆಯ ತ್ರಿನೇತ್ರ ಕ್ಯಾಮೆರಾ, ರೆಮಿಡಿಯೋ ಸಂಸ್ಥೆಯ ಮೊಬೈಲ್ ಫೋನ್ ಆಧಾರಿತ ಅಕ್ಷಿಪಟಲ ಕ್ಯಾಮೆರಾ ಇಲ್ಲಿಯೇ ರೂಪುಗೊಂಡವು. ತಂತ್ರಜ್ಞರೇ ಜಿಲ್ಲೆಗಳಿಗೆ ಹೋಗಿ ಚಿತ್ರ ತೆಗೆದು ತಜ್ಞರಿಗೆ ಕಳಿಸುವ ವ್ಯವಸ್ಥೆಯನ್ನು ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ಕಿಡ್‌ರಾಪ್ ಯೋಜನೆ 2008ರಿಂದ ನಡೆಸಿಕೊಂಡು ಬಂದಿದೆ. ಅದು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲಕ್ಕಾಗಿ ರೂಪಿಸಿದ್ದು. ದೂರದೂರಿನ ಚಿತ್ರವನ್ನು ತಜ್ಞರು ಓದಬಹುದೆಂಬುದಕ್ಕೆ ನಮ್ಮಲ್ಲೇ ಇರುವ ಸಾಕ್ಷಿ. ಕೈಯಲ್ಲಿ ಹಿಡಿಯುವ ಕ್ಯಾಮೆರಾ ರಕ್ತಸ್ರಾವವನ್ನು ತೋರಿಸುತ್ತದೆ. ಊತದ ದಪ್ಪಕ್ಕೆ ಒಸಿಟಿಯೇ ಬೇಕು.

ಆನವಟ್ಟಿ ಭಾಗ

ಇಂಥ ಚಿಕಿತ್ಸೆಗೆ ದೂರದ ಊರಿನವರು ಪಡುವ ಪಾಡಿಗೆ ಆನವಟ್ಟಿ ಒಂದು ಉದಾಹರಣೆ. ಅದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಊರು. ಒಂದು ಕಡೆ ಹಾವೇರಿ ಜಿಲ್ಲೆಯ ಹಾನಗಲ್, ಇನ್ನೊಂದು ಕಡೆ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪ. ಮಲೆನಾಡೂ ಬಯಲುಸೀಮೆಯೂ ಕೂಡುವ ಈ ಸೀಮೆಯಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಬೆಳೆಯುವ ಕುಟುಂಬಗಳೇ ಹೆಚ್ಚು. ಒಸಿಟಿ ಮತ್ತು ಚುಚ್ಚುಮದ್ದಿಗೆ ಇಲ್ಲಿನವರ ದಾರಿ ಮುಖ್ಯವಾಗಿ ಎರಡು. ಶಿವಮೊಗ್ಗದಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆ ಮತ್ತು ಶಂಕರ ಕಣ್ಣಿನ ಆಸ್ಪತ್ರೆ ಇವೆ. ಉತ್ತರಕ್ಕೆ ಹೋದರೆ ಹುಬ್ಬಳ್ಳಿ. ಎರಡೂ ಕಡೆ ಹೋಗಿಬರಲು ಒಂದು ದಿನ ಹಿಡಿಯುತ್ತದೆ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಗಂಟೆಗಟ್ಟಲೆ ಮಂಜು ಕವಿದಂತಿರುವುದರಿಂದ ಜೊತೆಗೊಬ್ಬರು ಬೇಕು. ಅಡಿಕೆ ಕೊಯ್ಲು, ನಾಟಿಯ ದಿನಗಳಲ್ಲಿ ಇಬ್ಬರ ಕೆಲಸ ಬಿಟ್ಟು ತಿಂಗಳಿಗೊಮ್ಮೆ ಹೊರಡುವುದು ಸುಲಭವಲ್ಲ. ತಿಂಗಳ ಭೇಟಿ ಸಡಿಲವಾದಾಗ ಕೇಂದ್ರ ತಡೆಯವರ ದೃಷ್ಟಿ ಜಾರಿದ್ದನ್ನು ಹೊರೈಜನ್ ದಾಖಲಿಸಿದೆ. ದೂರದ ಊರಿನ ರೋಗಿಗೆ ಅಂಥ ಸಡಿಲಿಕೆ ತಾನಾಗಿಯೇ ಒದಗಿಬಿಡುತ್ತದೆ.

ಈ ಸೀಮೆಗೆ ವಿಶೇಷವಾದ ಇನ್ನೊಂದು ಅಂಶವೂ ಇದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಜ್ವರದಲ್ಲಿಯೂ ಅಕ್ಷಿಪಟಲದ ರಕ್ತಸ್ರಾವ ವರದಿಯಾಗಿದೆ. ಕಾಡಿಗೆ ಹೋಗಿಬಂದು ಜ್ವರ ಬಂದವರ ಕಣ್ಣಿನಲ್ಲಿ ರಕ್ತ ಕಂಡರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಅಭಿಧಮನಿ ತಡೆಗೆ ಜ್ವರವಿಲ್ಲ, ಅದು ಒಂದೇ ಕಣ್ಣಿಗೆ ಬರುತ್ತದೆ, ರಕ್ತಸ್ರಾವ ನಾಳದ ಹರವನ್ನು ಅನುಸರಿಸಿರುತ್ತದೆ.

ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ನೋಡಿ ಮಾತ್ರೆ ಬರೆಯುವಾಗಲೇ ಒಂದೊಂದು ಕಣ್ಣು ಮುಚ್ಚಿಸಿ ಫಲಕ ಓದಿಸಿದರೆ ಈ ಕಾಯಿಲೆಯ ಬಹುಪಾಲು ಅನುಮಾನ ಅಲ್ಲೇ ಹುಟ್ಟಬಲ್ಲದು. ಅದಕ್ಕೆ ಯಂತ್ರ ಬೇಡ.

ಇಂದಿನ ಸ್ಥಿತಿ

ಭಾರತದಲ್ಲಿ ರಾನಿಬಿಜುಮಾಬಿನ ಜೈವಿಕ ಸಮಾನ ಔಷಧ ರಜುಮಾಬ್ 2015ರಲ್ಲಿ ಅನುಮತಿ ಪಡೆಯಿತು. ಜಗತ್ತಿನಲ್ಲೇ ಅದು ಈ ಬಗೆಯ ಮೊದಲನೆಯದು. ಕ್ಯಾನ್ಸರಿಗಾಗಿ ತಯಾರಾದ ಬೆವಾಸಿಜುಮಾಬಿನ ಒಂದು ಸೀಸೆಯನ್ನು ಹಲವು ಕಣ್ಣುಗಳಿಗೆ ಪಾಲು ಮಾಡಿ ಬಳಸುವುದು ಬೆಲೆಯನ್ನು ಬಹಳ ಇಳಿಸುತ್ತದೆ; ಪಾಲು ಮಾಡುವಾಗಿನ ಶುದ್ಧತೆಯೇ ಅದರ ಸುರಕ್ಷತೆ. ರಾಜ್ಯದ ಆಶಾಕಿರಣ ಯೋಜನೆ ಮನೆಮನೆಗೆ ಹೋಗಿ ದೃಷ್ಟಿ ಪರೀಕ್ಷಿಸುವ ಕೆಲಸ ಆರಂಭಿಸಿದೆ.

ಭೇಟಿಗಳನ್ನು ಕಡಿಮೆ ಮಾಡುವುದು ಹೊಸ ಔಷಧಗಳ ಗುರಿ. ವಿಇಜಿಎಫ್ ಜೊತೆಗೆ ಮತ್ತೊಂದು ಪ್ರೋಟೀನನ್ನೂ ತಡೆಯುವ ಫಾರಿಸಿಮಾಬ್, ಬಾಲಟನ್ ಮತ್ತು ಕೊಮಿನೋ ಅಧ್ಯಯನಗಳ ಮೊದಲ 24 ವಾರಗಳಲ್ಲಿ ಅಫ್ಲಿಬರ್ಸೆಪ್ಟಿಗೆ ಸರಿಸಾಟಿಯಾಗಿ ಸುಮಾರು 17 ಅಕ್ಷರ ಗಳಿಸಿಕೊಟ್ಟಿತು. ಆ ಬಳಿಕ ಕಣ್ಣಿನ ಸ್ಥಿತಿಗೆ ತಕ್ಕಂತೆ ಅಂತರವನ್ನು 16 ವಾರದವರೆಗೆ ಹಿಗ್ಗಿಸಲಾಯಿತು. ಅಮೆರಿಕದಲ್ಲಿ ಈ ಕಾಯಿಲೆಗೆ ಅದರ ಬಳಕೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯಿತು. ಅಫ್ಲಿಬರ್ಸೆಪ್ಟಿನ 8 ಮಿಲಿಗ್ರಾಂ ಪ್ರಮಾಣವನ್ನು ಎಂಟು ವಾರಕ್ಕೊಮ್ಮೆ ಕೊಟ್ಟರೂ, 2 ಮಿಲಿಗ್ರಾಂ ಅನ್ನು ನಾಲ್ಕು ವಾರಕ್ಕೊಮ್ಮೆ ಕೊಟ್ಟಷ್ಟೇ ಫಲ ಸಿಗುತ್ತದೆಂದು ಕ್ವಾಸಾರ್ ಅಧ್ಯಯನ ವರದಿ ಮಾಡಿದೆ. ಮೊದಲ ತಿಂಗಳುಗಳ ಚುಚ್ಚುಮದ್ದುಗಳನ್ನು ಮಾತ್ರ ಈ ಯಾವ ಔಷಧವೂ ಬಿಡಿಸಿಲ್ಲ.